ಒಳಜೇಬು

ಸೆಪ್ಟೆಂಬರಿನಿಂದ ಏಪ್ರಿಲಿನವರೆಗೆ
ನಮ್ಮ ದೋಣಿಯ ಹೊಟ್ಟೆಯಲ್ಲಿ ಮೀನಿಲ್ಲ,
ಆರು ಸಾವಿರ ಪುಸ್ತಕ.
ನಾರ್ವೆಯ ಪಡುವಣ ದ್ವೀಪಗಳಲ್ಲಿ ಚಳಿಗಾಲದ ಹಗಲು
ಕೈಗಡ ತಂದ ದುಡ್ಡಿನ ಹಾಗೆ, ಎಣಿಸುವಷ್ಟರಲ್ಲಿ ಖಾಲಿ.
ಕಟ್ಟೆಗೆ ಹಗ್ಗ ಬಿಗಿದು ಮೂರು ಸಲ ಕೊಂಬೂದುತ್ತೇವೆ.
ರಬ್ಬರ್ ಬೂಟಿನ ಜನ ಇಳಿದು ಬರುತ್ತಾರೆ.

ಕಾದಂಬರಿ ಬೇಡ, ಅಂದಳು ಆಸ್ಲೌಗ್.
ಆಡಿಗೆ ಹುಲ್ಲು ಹಾಕಿ ಬಂದು, ಒಲೆಯ ಮೇಲೆ
ಹಾಲು ಉಕ್ಕುವುದರೊಳಗೆ ಮುಗಿಯುವಂಥದ್ದು ಕೊಡು.
ಆದರೆ ಮುಗಿದುಹೋಗಬಾರದು.

ಕೊಟ್ಟೆ, ನೀಲಿ ರಟ್ಟಿನ ಆ ಹಳೆಯ ಸಂಕಲನ.
ಬರೆದವನು ಸತ್ತು ನೂರು ವರ್ಷ ದಾಟಿದೆ;
ಬೆನ್ನಿನ ಮೇಲಿನ ಹೆಸರನ್ನು ಹಿಡಿದ ಕೈಗಳೇ ತಿಂದಿವೆ.
ನಾಲ್ಕನೆಯ ಕಥೆ. ಹನ್ನೆರಡೇ ಪುಟ.

ಒಬ್ಬ ದರ್ಜಿ. ಸತ್ತವನಿಗೊಂದು ಕೋಟು ಹೊಲಿಯಬೇಕು,
ಬೆಳಗಾಗುವುದರೊಳಗೆ.
ವಿಧವೆ ಹೇಳುತ್ತಾಳೆ: ಜೇಬೂ ಇರಲಿ.
ಸತ್ತವರಿಗೆ ಜೇಬು ಯಾಕಮ್ಮಾ, ಬಟ್ಟೆ ದಂಡ.
ಅಷ್ಟೇ ಮಾತು. ಅವಳು ಹೋಗುತ್ತಾಳೆ.
ರಾತ್ರಿ, ಅರ್ಧ ಮೇಣದ ಬತ್ತಿಯ ಬೆಳಕಲ್ಲಿ,
ತನ್ನದೇ ಅಂಗಿಯ ತೋಳು ಕತ್ತರಿಸಿ
ಅಸ್ತರಿನ ಒಳಗೆ, ಎದೆಯ ಕಡೆಗೆ,
ಒಂದು ಜೇಬು ಹೊಲಿಯುತ್ತಾನೆ, ಯಾರಿಗೂ ಕಾಣದಂತೆ.
ದಾರ ಕಚ್ಚಿ ತುಂಡರಿಸುತ್ತಾನೆ.
ಕಥೆ ಅಲ್ಲಿಗೆ ಕೈಬಿಡುತ್ತದೆ.

ಅಳು ಎಂಬ ಪದ ಇಡೀ ಕಥೆಯಲ್ಲಿಲ್ಲ; ಹುಡುಕಿದ್ದೇನೆ.
ಮಳೆಯಿಲ್ಲ, ಇಗರ್ಜಿಯ ಗಂಟೆಯಿಲ್ಲ.
ಇರುವುದು ಅಳತೆಯ ಪಟ್ಟಿ, ಸವೆದ ಸೀಮೆಸುಣ್ಣ,
ಗಜಕ್ಕೆಷ್ಟು ಎಂಬ ಲೆಕ್ಕ, ಹಲ್ಲಿನ ನಡುವೆ ಒಂದೆಳೆ ದಾರ.
ಇಷ್ಟೇ ಸಾಮಾನಿನಲ್ಲಿ, ಪುಣ್ಯಾತ್ಮ,
ನಮ್ಮ ಗಂಟಲಿಗೆ ಗಂಟು ಹಾಕಿದ್ದು ಹೇಗೆ?

ಪುಸ್ತಕ ತಿರುಗಿ ಬಂದಾಗಲೆಲ್ಲ ನಾನು ಓದುವುದು ಅಂಚುಗಳನ್ನು.
ಐವತ್ತೊಂದನೆಯ ಪುಟದಲ್ಲಿ ಒಣಗಿ ಅಂಟಿದ ಮೀನಿನ ಹುರುಪೆ.
ಕೊನೆಯ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ:
ಜೇಬಿನೊಳಗೆ ಏನಿಟ್ಟ?
ಅದರ ಕೆಳಗೆ ಬೇರೆ ಕೈಬರಹ: ಏನೂ ಇಲ್ಲ. ಅದೇ.
ಇನ್ನೂ ಕೆಳಗೆ, ಅಕ್ಷರ ಕಲಿಯುತ್ತಿರುವ ಮಗುವೊಂದು: ಮಿಠಾಯಿ.

ಹಾಲ್ವಾರ್ ಏನೂ ಬರೆಯಲಿಲ್ಲ.
ಅವನ ತಮ್ಮನನ್ನು ಕಡಲು ಕೋಟಿಲ್ಲದೆಯೇ ಕರೆದೊಯ್ದಿತ್ತು.
ಮೂರು ಸರದಿ ಪುಸ್ತಕ ಇಟ್ಟುಕೊಂಡು ಹಿಂತಿರುಗಿಸಿದ,
ತುಟಿ ಪಿಟಕ್ಕೆನ್ನದೆ.
ಜೇಬು ಬರುವ ಪುಟದಲ್ಲಿ ಮಾತ್ರ
ಎಂಜಿನ್ ಎಣ್ಣೆಯ ಒಂದು ಹೆಬ್ಬೆಟ್ಟು.
ಮತ್ತೆ ಒಯ್ದ. ಮತ್ತೆ.

ಈ ಫೆಬ್ರವರಿ ಕೊಂಬೂದಿದಾಗ
ಇಳಿದು ಬಂದವಳು ಅವನ ಹೆಂಡತಿ ಇಂಗ್‌ಫ್ರಿಡ್.
ಮಣ್ಣು ಮಾಡಿ ಎಂಟು ದಿನ, ಅಂದಳು.
ನೀಲಿ ರಟ್ಟು ಮೇಜಿನ ಮೇಲಿಟ್ಟಳು.
ತೆರೆದು ನೋಡಿದೆ. ನಾಲ್ಕನೆಯ ಕಥೆ ಇಲ್ಲ.
ಆರು ಹಾಳೆ, ಮೀನು ಸೀಳುವ ಚಾಕುವಿನ ಕೊಯ್ತ,
ನೂಲು ಹಿಡಿದಷ್ಟು ನೇರ.

ದಂಡ ಎಷ್ಟು? ಕೇಳಿದಳು.
ಅವಳ ಕೈಗವಸಿನಲ್ಲಿ ನಾಣ್ಯಗಳು ಸದ್ದು ಮಾಡಿದವು.
ಕಿಟಕಿಯಾಚೆ ಯಾರೋ ಮಂಜುಗಡ್ಡೆ ಒಡೆಯುತ್ತಿದ್ದರು.
ದಪ್ತರ ತೆಗೆದು ಬರೆದೆ: ಹನ್ನೆರಡು ಪುಟ, ತೇವದಿಂದ ನಷ್ಟ.
ಅವಳು ತಲೆಕೆಳಗಾಗಿಯೇ ಓದಿಕೊಂಡಳು,
ಗವಸು ಮುಚ್ಚಿಕೊಂಡು ಏಣಿ ಹತ್ತಿದಳು.

ಮುಂದಿನ ದ್ವೀಪದಲ್ಲಿ ಇಬ್ಬರು ಅದೇ ಕಥೆ ಕೇಳಿದರು.
ಎಂಜಿನ್ ಆರಿಸಿ, ಕಾಫಿ ಬಗ್ಗಿಸಿ, ನೆನಪಿನಿಂದಲೇ ಹೇಳಿದೆ.
ದರ್ಜಿ ಬಂದ, ವಿಧವೆ ಬಂದಳು, ಬತ್ತಿ ಅರ್ಧಕ್ಕಿಳಿಯಿತು.
ಒಂದೇ ಕಡೆ ತಡವರಿಸಿದೆ:
ಎದೆಯ ಕಡೆಗೆ ಎಂದಿತ್ತೆ,
ಎದೆಗೆ ತಾಗುವಂತೆ ಎಂದಿತ್ತೆ?
ಎರಡೂ ಹೇಳಿ ನೋಡಿದೆ. ಎರಡೂ ಬೇರೆ ಬೇರೆ ಕಥೆ.
ಅವನು ಆರಿಸಿದ್ದು ಒಂದನ್ನೇ.
ಯಾವುದೆಂದು ಈಗ
ಹಾಲ್ವಾರನನ್ನೇ ಕೇಳಬೇಕು.